ಒಂದೇ ದಿನದ ಎರಡು ವೈಫಲ್ಯಗಳು

2017ರ ಆಗಸ್ಟ್ 31, ಗುರುವಾರ. ಅಂದು ಬೆಳಿಗ್ಗೆ ಮುಂಬಯಿಯ ವರ್ಲಿ ಕಡಲಂಚಿನಲ್ಲಿ ಒಬ್ಬ ಹಿರಿಯ ವೈದ್ಯರ ದೇಹ ಸಿಕ್ಕಿತು. ಎರಡು ದಿನಗಳ ಹಿಂದೆ, ಆಗಸ್ಟ್ 29ರಂದು, ನಗರದಲ್ಲಿ ಮುನ್ನೂರು ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಿತ್ತು. ನೀರು ತುಂಬಿದ ರಸ್ತೆಯಲ್ಲಿ ಕಾರು ಮುಂದೆ ಹೋಗದೆ ಅವರು ಇಳಿದು ಮನೆಯ ಕಡೆ ನಡೆದು ಹೊರಟಿದ್ದರು. ಎಲ್ಫಿನ್‌ಸ್ಟನ್ ರೋಡ್ ಬಳಿ ನೀರಿನಡಿಯಲ್ಲಿ ಬಾಯಿ ತೆರೆದಿದ್ದ ಮ್ಯಾನ್‌ಹೋಲ್ ಅವರಿಗೆ ಕಾಣಲಿಲ್ಲ. ಒಳಗಿನ ನೀರು ಅವರನ್ನು ಸಮುದ್ರದವರೆಗೆ ಒಯ್ದಿತ್ತು.

ಅದೇ ದಿನ ಸಂಜೆ ಏಳು ಗಂಟೆಗೆ ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ39 ರಾಕೆಟ್ ಹಾರಿತು. ನಮ್ಮದೇ ದಿಕ್ಸೂಚಿ ವ್ಯವಸ್ಥೆಗೆ ಸೇರಬೇಕಿದ್ದ ಐಆರ್‌ಎನ್‌ಎಸ್‌ಎಸ್-1ಎಚ್ ಉಪಗ್ರಹ ಅದರಲ್ಲಿತ್ತು. ಮೇಲೆ ಹೋದಮೇಲೆ ಉಪಗ್ರಹವನ್ನು ಮುಚ್ಚಿದ್ದ ಶಾಖಕವಚ ಕಳಚಿಕೊಳ್ಳಲಿಲ್ಲ. ಉಪಗ್ರಹ ಆ ಕವಚದೊಳಗೇ ಸಿಕ್ಕಿಕೊಂಡು ವ್ಯರ್ಥವಾಯಿತು. ಇಸ್ರೋದ ಆಗಿನ ಅಧ್ಯಕ್ಷ, ಹಾಸನ ಜಿಲ್ಲೆಯವರಾದ ಎ.ಎಸ್. ಕಿರಣ್ ಕುಮಾರ್, ಅಂದೇ ಕ್ಯಾಮೆರಾಗಳ ಮುಂದೆ ನಿಂತು ಉಡಾವಣೆ ಯಶಸ್ವಿಯಾಗಲಿಲ್ಲ ಎಂದು ದೇಶಕ್ಕೆ ತಿಳಿಸಿದರು.

ಆಮೇಲೆ ಏನಾಯಿತೆಂದು ನೋಡಿ. ರಾಕೆಟ್ಟಿನ ವಿಷಯದಲ್ಲಿ, ಕವಚ ಏಕೆ ಕಳಚಲಿಲ್ಲ ಎಂಬುದನ್ನು ಪರಿಶೀಲಿಸಿದರು, ಸರಿಪಡಿಸಿದರು. 2018ರ ಜನವರಿ 12ರಂದು ಅದೇ ಮಾದರಿಯ ರಾಕೆಟ್ 31 ಉಪಗ್ರಹಗಳನ್ನು ಹೊತ್ತು ಹಾರಿತು. ಏಪ್ರಿಲ್ 12ರಂದು, ನಷ್ಟವಾದ ಉಪಗ್ರಹದ ಬದಲಿ ಉಪಗ್ರಹವೂ ಕಕ್ಷೆ ಸೇರಿತು. ಒಟ್ಟು ಏಳೂವರೆ ತಿಂಗಳು.

ಮ್ಯಾನ್‌ಹೋಲಿನ ವಿಷಯದಲ್ಲಿ, ನಿಂತ ನೀರು ಇಳಿಯಲಿ ಎಂದು ಮುಚ್ಚಳ ತೆಗೆದರೆಂಬ ಆರೋಪದ ಮೇಲೆ ಅಲ್ಲಿನ ಕೆಲವು ನಿವಾಸಿಗಳನ್ನು ಪೊಲೀಸರು ಬಂಧಿಸಿದರು. ನೀರು ಯಾಕೆ ನಿಲ್ಲುತ್ತದೆ, ಮುಚ್ಚಳ ತೆಗೆಯದೆ ಅದು ಇಳಿಯುವಂತೆ ಮಾಡುವುದು ಯಾರ ಕೆಲಸ ಎಂಬ ಪ್ರಶ್ನೆ ಅಲ್ಲಿಗೇ ನಿಂತಿತು. ಮುಚ್ಚಳದ ಕೆಳಗೆ ಒಂದು ಕಬ್ಬಿಣದ ಜಾಲರಿ ಕೂರಿಸಿದರೆ, ಮುಚ್ಚಳ ಹೋದರೂ ಮನುಷ್ಯ ಒಳಗೆ ಬೀಳುವುದಿಲ್ಲ. ಇದಕ್ಕೆ ರಾಕೆಟ್ ವಿಜ್ಞಾನ ಬೇಕಿಲ್ಲ. ನಗರದಲ್ಲಿರುವ ಮ್ಯಾನ್‌ಹೋಲ್‌ಗಳು ಸುಮಾರು ಒಂದು ಲಕ್ಷ. ಐದು ವರ್ಷ ಕಳೆದು 2022ರ ಕೊನೆಯಲ್ಲೂ ಬಾಂಬೆ ಹೈಕೋರ್ಟ್ ತೆರೆದ ಮ್ಯಾನ್‌ಹೋಲ್‌ಗಳ ಬಗ್ಗೆ ಮಹಾನಗರ ಪಾಲಿಕೆಯನ್ನು ಪ್ರಶ್ನಿಸುತ್ತಲೇ ಇತ್ತು. 2024ರ ಸೆಪ್ಟೆಂಬರ್ 25ರ ಜೋರು ಮಳೆಯಲ್ಲಿ, ಅಂಧೇರಿಯ ಎಂಐಡಿಸಿ ಪ್ರದೇಶದಲ್ಲಿ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಮಹಿಳೆಯೊಬ್ಬರು ತೆರೆದ ಚರಂಡಿಗೆ ಬಿದ್ದು ತೀರಿಕೊಂಡರು. ಏಳು ವರ್ಷಗಳ ನಂತರ, ಹೆಚ್ಚುಕಡಿಮೆ ಅದೇ ರೀತಿಯ ಸಾವು.

ಈ ಎರಡು ವೈಫಲ್ಯಗಳನ್ನು ನಾವು ನಡೆಸಿಕೊಂಡ ರೀತಿ ಯಾಕೆ ಇಷ್ಟು ಬೇರೆಯಾಗಿದೆ ಎಂಬುದೇ ನನ್ನ ಪ್ರಶ್ನೆ. ರಾಕೆಟ್ ಬೇಕೋ ಬೇಡವೋ ಎಂಬ ಹಳೆಯ ಜಗಳವನ್ನು ಮತ್ತೆ ಎಬ್ಬಿಸುವ ಉದ್ದೇಶ ನನಗಿಲ್ಲ. ಆದರೆ ಆ ಜಗಳ ಎಲ್ಲಿ ದಾರಿ ತಪ್ಪುತ್ತದೆ ಎಂದು ಮೊದಲು ಹೇಳಿಬಿಡಬೇಕು.

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ಮೇಲೆ ಇಳಿದದ್ದು ಸಂಜೆ 6 ಗಂಟೆ 4 ನಿಮಿಷಕ್ಕೆ. ಮುಂಬಯಿಯಲ್ಲಿ ಅದು ಆಫೀಸು ಬಿಡುವ ಹೊತ್ತು, ಲೋಕಲ್ ರೈಲುಗಳಲ್ಲಿ ಕಾಲಿಡಲು ಜಾಗವಿರದ ಹೊತ್ತು. ಇಸ್ರೋದ ಯೂಟ್ಯೂಬ್ ಪ್ರಸಾರವೊಂದನ್ನೇ ಏಕಕಾಲದಲ್ಲಿ 80 ಲಕ್ಷಕ್ಕೂ ಹೆಚ್ಚು ಮಂದಿ ನೋಡುತ್ತಿದ್ದರು. ಅಂದು ಪಟ್ಟ ಸಂತೋಷ ನಿಜವಾದದ್ದು. ಆದರೆ ಅಂಥ ಪ್ರತಿ ಸಂತೋಷದ ಮರುದಿನ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದಿದೆ: ಈ ದುಡ್ಡಿನಲ್ಲಿ ಎಷ್ಟು ಶೌಚಾಲಯ ಕಟ್ಟಬಹುದಿತ್ತು, ಎಷ್ಟು ಗುಂಡಿ ಮುಚ್ಚಬಹುದಿತ್ತು?

ಲೆಕ್ಕ ಹಾಕೋಣ. ಚಂದ್ರಯಾನ-3ಕ್ಕೆ ಆದ ವೆಚ್ಚ ಸುಮಾರು 615 ಕೋಟಿ ರೂಪಾಯಿ. ಅದೇ 2023–24ನೇ ಸಾಲಿಗೆ ಮುಂಬಯಿ ಮಹಾನಗರ ಪಾಲಿಕೆ ಮಂಡಿಸಿದ ಬಜೆಟ್ 52,619 ಕೋಟಿ ರೂಪಾಯಿ. ಅಂದರೆ ಒಂದೇ ನಗರದ ಒಂದೇ ವರ್ಷದ ಬಜೆಟ್ಟಿನಲ್ಲಿ ನೂರಕ್ಕೆ ಒಂದೂಕಾಲು ರೂಪಾಯಿಯಷ್ಟೂ ಚಂದ್ರಯಾನಕ್ಕೆ ಖರ್ಚಾಗಿಲ್ಲ. ಮುಂಬಯಿಯ ಗುಂಡಿಗಳು ತೆರೆದೇ ಇರುವುದಕ್ಕೆ ಚಂದ್ರನನ್ನು ದೂರಿ ಪ್ರಯೋಜನವಿಲ್ಲ. ಇದು ದೇಶದ ಅತಿ ಶ್ರೀಮಂತ ಪಾಲಿಕೆ. ಇಲ್ಲಿ ಕೊರತೆಯಾಗಿರುವುದು ದುಡ್ಡಲ್ಲ.

ಇನ್ನೊಂದು ಅಂಕಿ ಇದಕ್ಕಿಂತಲೂ ಕಾಡುತ್ತದೆ. 1985ರ ನೆರೆಯ ನಂತರ ಮುಂಬಯಿಯ ಮಳೆನೀರು ಚರಂಡಿಗಳನ್ನು ಹೇಗೆ ಸುಧಾರಿಸಬೇಕೆಂದು ಅಧ್ಯಯನ ನಡೆಯಿತು. 1993ರಲ್ಲಿ ವರದಿ ಸಿದ್ಧವಾಯಿತು. ಅದನ್ನು ಬ್ರಿಮ್‌ಸ್ಟೋವಾಡ್ ಎಂದು ಕರೆಯುತ್ತಾರೆ. ಬ್ರಿಟಿಷರ ಕಾಲದ ಚರಂಡಿಗಳು ಗಂಟೆಗೆ 25 ಮಿಲಿಮೀಟರ್ ಮಳೆಯನ್ನಷ್ಟೇ ಸಾಗಿಸಬಲ್ಲವು, ಅದನ್ನು 50ಕ್ಕೆ ಏರಿಸಬೇಕು, ಉಬ್ಬರದ ಹೊತ್ತಿನಲ್ಲಿ ನೀರನ್ನು ಸಮುದ್ರಕ್ಕೆ ಎತ್ತಿ ಹಾಕಲು ಪಂಪಿಂಗ್ ಸ್ಟೇಷನ್‌ಗಳು ಬೇಕು ಎಂದು ಅದು ಹೇಳಿತು. ಅಂದಿನ ಅಂದಾಜು ವೆಚ್ಚ ಸುಮಾರು 616 ಕೋಟಿ ರೂಪಾಯಿ. ರೂಪಾಯಿಯ ಬೆಲೆ ಬೇರೆ, ಕಾಲ ಬೇರೆ. ಆದರೂ ಮೂವತ್ತು ವರ್ಷಗಳ ನಂತರ ನಾವು ಚಂದ್ರನಿಗೆ ಹೋಗಿ ಬಂದ ಮೊತ್ತ ಅದು.

ಆ ವರದಿಯ ಬಹುಪಾಲು ಕಾಗದದಲ್ಲೇ ಉಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆಯಾಯಿತು. ಅದೇ ದಿನ ದಕ್ಷಿಣದ ಕೊಲಾಬಾದಲ್ಲಿ ಆದದ್ದು 73 ಮಿಲಿಮೀಟರ್ ಮಾತ್ರ. ಉಪನಗರಗಳು ಮುಳುಗುತ್ತಿರುವುದು ಆಡಳಿತ ಕೂತಿದ್ದ ದಕ್ಷಿಣ ಮುಂಬಯಿಗೆ ಸರಿಯಾಗಿ ತಿಳಿಯಲೇ ಇಲ್ಲ. ನಗರದಲ್ಲಿ ನೂರಾರು ಮಂದಿ ಸತ್ತರು. ಆಮೇಲೆ ಮಾಧವ ಚಿತಳೆ ಸಮಿತಿ ಬಂತು, ಕೇಂದ್ರದ ನೆರವು ಬಂತು, ಬ್ರಿಮ್‌ಸ್ಟೋವಾಡ್‌ಗೆ ಜೀವ ಬಂತು. ಎಂಟು ಪಂಪಿಂಗ್ ಸ್ಟೇಷನ್‌ಗಳ ಪೈಕಿ ಆರು ಕೆಲಸ ಮಾಡುತ್ತಿವೆ. ಮಾಹುಲ್ ಮತ್ತು ಮೊಗ್ರಾ ಎಂಬ ಎರಡು ಜಾಗದ ತಕರಾರುಗಳಲ್ಲಿ ಸಿಕ್ಕಿ 2025ರ ಮಳೆಗಾಲಕ್ಕೂ ಸಿದ್ಧವಾಗಿರಲಿಲ್ಲ. ಇವುಗಳ ಹೆಸರನ್ನು ಮುಂಬಯಿಯಲ್ಲಿ ಎಷ್ಟು ಜನ ಕೇಳಿದ್ದಾರೆ? ವಿಕ್ರಮ್, ಪ್ರಜ್ಞಾನ್ ಎಂಬ ಹೆಸರುಗಳು ಮೂರನೇ ಇಯತ್ತೆಯ ಮಗುವಿಗೂ ಗೊತ್ತು.

ನನ್ನ ವಾದ ಇಷ್ಟೇ. ಬಾಹ್ಯಾಕಾಶಕ್ಕೂ ನೆಲಕ್ಕೂ ನಡುವೆ ನಾವು ಅಸಮಾನವಾಗಿ ಹಂಚಿರುವುದು ಹಣವನ್ನಲ್ಲ, ಗಮನವನ್ನು. ಗಮನ ಇರುವಲ್ಲಿ ಸೋಲಿಗೆ ಕಾರಣ ಕೇಳುತ್ತಾರೆ, ದಿನಾಂಕ ಕೇಳುತ್ತಾರೆ. ಗಮನ ಇಲ್ಲದಲ್ಲಿ ಪರಿಹಾರಧನ ಘೋಷಿಸಿ ಮುಂದೆ ಹೋಗುತ್ತಾರೆ.

ಇದಕ್ಕೆ ದೊಡ್ಡ ಪುರಾವೆ ಮುಂಬಯಿಯ ಪಾಲಿಕೆ ಸಭಾಗೃಹವೇ. 2022ರ ಮಾರ್ಚ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ಮೂರೂವರೆ ವರ್ಷಗಳಿಗೂ ಹೆಚ್ಚು ಕಾಲ ಈ ನಗರಕ್ಕೆ ಚುನಾಯಿತ ಸದಸ್ಯರೇ ಇರಲಿಲ್ಲ, ಅಧಿಕಾರಿಗಳೇ ನಡೆಸಿದರು. ಚಂದ್ರಯಾನ ಇಳಿದ ಸಂಜೆ, ಕೋಟಿಗೂ ಮಿಕ್ಕಿದ ಜನರ ಈ ನಗರದಲ್ಲಿ ತನ್ನ ಗಲ್ಲಿಯ ಗಟಾರದ ಬಗ್ಗೆ ದೂರು ಹೇಳಲು ಒಬ್ಬ ನಗರಸೇವಕನೂ ಇಲ್ಲದೆ ಹದಿನೇಳು ತಿಂಗಳಾಗಿತ್ತು. ಬೆಂಗಳೂರಿನ ಓದುಗರು ನಗುವಂತಿಲ್ಲ. ಇಸ್ರೋದ ಪ್ರಧಾನ ಕಚೇರಿ ಇರುವ ಆ ಊರಿನಲ್ಲಿ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಲ್ಯಾಂಡರ್ ಇಳಿಯುವ ಕೊನೆಯ ಹದಿನೈದು ನಿಮಿಷಗಳನ್ನು ಉಸಿರು ಬಿಗಿಹಿಡಿದು ನೋಡಿದ ನಾವು, ನಮ್ಮ ವಾರ್ಡಿನ ಪ್ರತಿನಿಧಿ ಮಾಯವಾದದ್ದನ್ನು ಗಮನಿಸಲಿಲ್ಲ.

ಗಮನ ಬಿದ್ದರೆ ಕೆಲಸ ಆಗುತ್ತದೆಯೇ? ಆಗುತ್ತದೆ. ಆ ವೈದ್ಯರು ತೀರಿಕೊಂಡು ಸರಿಯಾಗಿ ಒಂದು ತಿಂಗಳಿಗೆ, 2017ರ ಸೆಪ್ಟೆಂಬರ್ 29ರಂದು, ಅದೇ ಎಲ್ಫಿನ್‌ಸ್ಟನ್ ರೋಡ್ ರೈಲು ನಿಲ್ದಾಣದ ಮೇಲ್ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಮಂದಿ ಸತ್ತರು. ಸೇತುವೆ ಇಕ್ಕಟ್ಟಾಗಿದೆ, ಒಂದು ದಿನ ಅನಾಹುತವಾಗುತ್ತದೆ ಎಂದು ಪ್ರಯಾಣಿಕರು ವರ್ಷಗಳಿಂದ ಹೇಳುತ್ತಿದ್ದರು. ದುರಂತವನ್ನು ಇಡೀ ದೇಶ ಟಿವಿಯಲ್ಲಿ ಕಂಡಿತು. ಸೇನೆಯನ್ನು ಕರೆಸಿದರು. 2018ರ ಫೆಬ್ರವರಿ ಕೊನೆಗೆ ಹೊಸ ಸೇತುವೆ ಜನರಿಗೆ ತೆರೆದಿತ್ತು. ಕರಿ ರೋಡ್ ಮತ್ತು ಆಂಬಿವಲಿಯಲ್ಲೂ ಸೇನೆ ಸೇತುವೆ ಕಟ್ಟಿತು. ವರ್ಷಗಳಿಂದ ಆಗದ್ದು ಐದು ತಿಂಗಳಲ್ಲಿ ಆಯಿತು. ನಮ್ಮ ಎಂಜಿನಿಯರುಗಳಿಗೆ ಬರುವುದಿಲ್ಲ, ನಮ್ಮ ವ್ಯವಸ್ಥೆಯ ಹಣೆಬರಹವೇ ಇಷ್ಟು ಎಂಬ ಮಾತು ಇದರಿಂದ ಸುಳ್ಳಾಗುತ್ತದೆ. ಕಷ್ಟವೇನೆಂದರೆ, ಗಮನ ಸೆಳೆಯಲು 23 ಮಂದಿ ಒಟ್ಟಿಗೆ ಸಾಯಬೇಕಾಯಿತು.

ಒಬ್ಬೊಬ್ಬರಾಗಿ ಸತ್ತರೆ ಲೆಕ್ಕಕ್ಕಿಲ್ಲ. ಮುಂಬಯಿಯ ಉಪನಗರ ರೈಲು ಜಾಲದಲ್ಲಿ 2024ರ ಒಂದೇ ವರ್ಷ 2,400ಕ್ಕೂ ಹೆಚ್ಚು ಜನ ಸತ್ತರು. ಹಳಿ ದಾಟುವಾಗ, ಬಾಗಿಲಲ್ಲಿ ನೇತಾಡುವಾಗ ಬಿದ್ದು, ಹೀಗೆ ದಿನಕ್ಕೆ ಸರಾಸರಿ ಆರೇಳು ಜನ. ಸಂಜೆ ಮನೆಗೆ ಬರಬೇಕಿದ್ದವರ ಈ ಸಾವುಗಳಿಗೆ ಪತ್ರಿಕೆಯ ಒಳಪುಟದಲ್ಲೂ ಜಾಗ ಸಿಗುವುದು ಅಪರೂಪ. 2024ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್, ಜನ ಜಾನುವಾರುಗಳಂತೆ ಪ್ರಯಾಣಿಸುವ ಸ್ಥಿತಿ ನಾಚಿಕೆಗೇಡು ಎಂಬರ್ಥದ ಮಾತಾಡಿತು. ಒಂದು ವರ್ಷ ಕಳೆಯಿತು. 2025ರ ಜೂನ್ 9ರಂದು ಮುಂಬ್ರಾ ಬಳಿಯ ತಿರುವಿನಲ್ಲಿ ಎದುರುಬದುರಾಗಿ ಹೋಗುತ್ತಿದ್ದ ಎರಡು ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಹಳಿಗೆ ಬಿದ್ದರು. ಅಂದೇ ನಾಲ್ವರು ತೀರಿಕೊಂಡರು. ಎಸಿ ಇಲ್ಲದ ಲೋಕಲ್‌ಗಳಿಗೂ ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲು ಇಡುತ್ತೇವೆಂದು ರೈಲ್ವೆ ಹೇಳಿದ್ದು ಆಮೇಲೆ.

ಅದೇ ವಾರ ಅಮೆರಿಕದ ಫ್ಲಾರಿಡಾದಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೊರಡಲು ಸಿದ್ಧರಾಗಿದ್ದರು. ಜೂನ್ 11ಕ್ಕೆ ಹಾರಬೇಕಿದ್ದ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕದ ಸೋರಿಕೆ ಕಂಡುಬಂತು. ಉಡಾವಣೆಯನ್ನು ಮುಂದೂಡಿದರು. ಸೋರಿಕೆ ಸರಿಯಾಗಬೇಕು, ಸರಿಯಾಗಿದೆಯೆಂದು ಪರೀಕ್ಷಿಸಬೇಕು ಎಂದು ಇಸ್ರೋದ ತಂಡವೂ ಪಟ್ಟು ಹಿಡಿಯಿತು. ಕೊನೆಗೆ ಜೂನ್ 25ರಂದು ಅವರು ಹಾರಿದರು, ಜುಲೈ 15ರಂದು ಕ್ಷೇಮವಾಗಿ ಮರಳಿದರು. ಇದು ಹೀಗೆಯೇ ಆಗಬೇಕು. ಒಬ್ಬ ಮನುಷ್ಯನ ಜೀವಕ್ಕೆ ಇಷ್ಟು ಬೆಲೆ ಕೊಡಲು ನಮಗೆ ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ.

ಗಗನಯಾತ್ರಿಯ ಕೋಣೆಯಲ್ಲಿ ಆಮ್ಲಜನಕ ಎಷ್ಟಿದೆ, ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಪ್ರತಿಕ್ಷಣ ಅಳೆಯುತ್ತಾರೆ. ಈಗ ಮುಂಬಯಿಯ ನಾಗಪಾಡಾಕ್ಕೆ ಬನ್ನಿ. 2025ರ ಮಾರ್ಚ್ 9ರಂದು ಅಲ್ಲಿ ಕಟ್ಟುತ್ತಿದ್ದ ಬಿಲ್ಡಿಂಗೊಂದರ ನೆಲದಡಿಯ ನೀರಿನ ಟ್ಯಾಂಕ್ ಸ್ವಚ್ಛ ಮಾಡಲು ಇಳಿದ ನಾಲ್ವರು ಕೂಲಿಕಾರರು ಉಸಿರುಗಟ್ಟಿ ಸತ್ತರು. ಟ್ಯಾಂಕ್, ಸೆಪ್ಟಿಕ್ ಗುಂಡಿ, ಒಳಚರಂಡಿ, ಯಾವುದೇ ಇರಲಿ, ಇಂಥ ಸಾವುಗಳ ಕತೆ ಒಂದೇ. ಮೊದಲು ಇಳಿದವ ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ಒಳಗಿನ ಗಾಳಿ ಹೇಗಿದೆ ಎಂದು ತಿಳಿಸುವ, ಕೈಯಲ್ಲಿ ಹಿಡಿಯಬಹುದಾದ ಮೀಟರುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವು ಆ ಕೆಲಸಗಾರನ ಕೈಗೆ ಬರುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಮಲ ಹೊರುವ ಪದ್ಧತಿಯನ್ನೂ, ರಕ್ಷಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನೂ ನಿಷೇಧಿಸುವ ಕಾಯ್ದೆ 2013ರದು. 2014ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಎಂದಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. 2025ರ ಜನವರಿಯಲ್ಲಿ ಮುಂಬಯಿ, ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು ಪೂರ್ತಿ ನಿಲ್ಲಿಸಲು ಆದೇಶಿಸಿತು. ಈ ಹೋರಾಟದ ಹಿಂದಿರುವ ದೊಡ್ಡ ಹೆಸರು ಬೆಜವಾಡ ವಿಲ್ಸನ್. ಅವರು ಕರ್ನಾಟಕದ ಕೋಲಾರ ಚಿನ್ನದ ಗಣಿಯವರು. ಗಣಿಯ ವಸತಿಗಳ ಒಣ ಪಾಯಖಾನೆಗಳನ್ನು ತಮ್ಮ ಮನೆಯವರೇ ಬಳಿಯುವುದನ್ನು ನೋಡಿ ಬೆಳೆದವರು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಚಂದ್ರನಿಗೆ ಹೋಗುವ ದೇಶಕ್ಕೆ ಒಳಚರಂಡಿ ಶುಚಿಗೊಳಿಸುವ ಯಂತ್ರ ಮಾಡಲು ಆಗುವುದಿಲ್ಲವೇ ಎಂಬುದು ಅವರೂ ಅವರ ಸಂಗಾತಿಗಳೂ ಮತ್ತೆ ಮತ್ತೆ ಎತ್ತುವ ಪ್ರಶ್ನೆ. ಆ ಪ್ರಶ್ನೆಯನ್ನು ವಿಜ್ಞಾನದ ಮೇಲಿನ ಸಿಟ್ಟೆಂದು ತಿಳಿಯುವುದು ತಪ್ಪು. ವಿಜ್ಞಾನ ನಮ್ಮ ತನಕವೂ ಬರಲಿ ಎಂಬ ಕೇಳಿಕೆ ಅದು.

ಹಾಗೆ ನೋಡಿದರೆ ನಮ್ಮ ಬಾಹ್ಯಾಕಾಶ ಕಾರ್ಯಕ್ರಮ ಹುಟ್ಟಿದ್ದೇ ಇಂಥ ಕೇಳಿಕೆಗೆ ಉತ್ತರವಾಗಿ. 1962ರಲ್ಲಿ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ರಚನೆಯಾದಾಗ ಅದರ ಬೆನ್ನಿಗಿದ್ದದ್ದು ಮುಂಬಯಿಯಲ್ಲಿದ್ದ ಹೋಮಿ ಭಾಭಾ ಅವರ ಅಣುಶಕ್ತಿ ಇಲಾಖೆ. ಸಮಿತಿಯ ನೇತೃತ್ವ ವಹಿಸಿದ ವಿಕ್ರಮ್ ಸಾರಾಭಾಯ್ ಬಹಳ ಸ್ಪಷ್ಟವಾಗಿದ್ದರು. ಚಂದ್ರನಿಗೋ ಗ್ರಹಗಳಿಗೋ ಹೋಗುವ ಸ್ಪರ್ಧೆಯಲ್ಲಿ ಶ್ರೀಮಂತ ದೇಶಗಳೊಡನೆ ಪೈಪೋಟಿ ಮಾಡುವ ಭ್ರಮೆ ನಮಗಿಲ್ಲ, ಮನುಷ್ಯನ ನಿಜವಾದ ಕಷ್ಟಗಳಿಗೆ ಈ ತಂತ್ರಜ್ಞಾನವನ್ನು ಬಳಸುವುದರಲ್ಲಿ ಮಾತ್ರ ನಾವು ಯಾರಿಗೂ ಕಡಿಮೆಯಾಗಬಾರದು ಎಂಬುದು ಅವರ ನಿಲುವು. ಚಂದ್ರನ ಮೇಲೆ ಇಳಿದ ಲ್ಯಾಂಡರಿಗೆ ಅವರದೇ ಹೆಸರು.

ಆ ನಿಲುವು ಬರೀ ಭಾಷಣವಾಗಿ ಉಳಿಯಲಿಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸಿದರು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಅದರ ವಿಷಯ. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು. ದೊಡ್ಡ ದೊಡ್ಡ ಊರುಗಳಲ್ಲೂ ಟಿವಿ ಇಲ್ಲದ ಕಾಲದಲ್ಲಿ ರಾಯಚೂರಿನ ಹಳ್ಳಿಯ ಕಟ್ಟೆಯ ಮೇಲೆ ಆಕಾಶದಿಂದ ಕನ್ನಡ ಇಳಿಯಿತು. ಅದೇ ವರ್ಷ ಏಪ್ರಿಲ್ 19ರಂದು ಹಾರಿದ ಆರ್ಯಭಟವನ್ನು ಕಟ್ಟಿದ ತಂಡದ ನಾಯಕ ಯು.ಆರ್. ರಾವ್ ಉಡುಪಿಯ ಅದಮಾರಿನವರು. ಮುಂದೆ ಇಸ್ರೋದ ಅಧ್ಯಕ್ಷರಾದ ಅವರೂ ಬರ, ನೆರೆ, ಅಂತರ್ಜಲಗಳ ಬಗ್ಗೆ ಮಾತಾಡುತ್ತಲೇ ಉಪಗ್ರಹಗಳನ್ನು ಕಟ್ಟಿದರು. ಮೇಲಕ್ಕೆ ನೋಡುವುದಕ್ಕೂ ಕೆಳಗೆ ನೋಡುವುದಕ್ಕೂ ಅವರಿಗೆ ವಿರೋಧ ಕಾಣಲಿಲ್ಲ.

ಇಂದಿಗೂ ಮೇಲಿನ ಕಣ್ಣು ನಮ್ಮ ಮನೆಯಂಗಳವನ್ನು ನೋಡುತ್ತಲೇ ಇದೆ. 2016ರ ಜನವರಿ ಕೊನೆಯಲ್ಲಿ ಗೋವಂಡಿಯ ಪಕ್ಕದ ದೇವನಾರ್ ಕಸದ ಗುಡ್ಡಕ್ಕೆ ಬೆಂಕಿ ಬಿದ್ದಾಗ ಅದರ ಹೊಗೆ ನಾಸಾದ ಉಪಗ್ರಹ ಚಿತ್ರಗಳಲ್ಲಿ ಕಂಡಿತು. 1927ರಿಂದ ನಗರ ತನ್ನ ಕಸವನ್ನು ಅಲ್ಲಿ ಸುರಿಯುತ್ತ ಬಂದಿದೆ. ಆ ಗುಡ್ಡದ ಬುಡದಲ್ಲಿರುವ ಎಂ-ಪೂರ್ವ ವಾರ್ಡ್ 2009ರ ಮುಂಬಯಿ ಮಾನವ ಅಭಿವೃದ್ಧಿ ವರದಿಯಲ್ಲಿ ಎಲ್ಲ ವಾರ್ಡುಗಳಿಗಿಂತ ಕೆಳಗಿತ್ತು. ಅಲ್ಲಿನ ಮಕ್ಕಳು ಕೆಮ್ಮುತ್ತಿದ್ದದ್ದು ಹೊಸತೇನಲ್ಲ. ಆದರೆ ಆ ಹೊಗೆ ಅಂತರಿಕ್ಷದಿಂದ ಕಂಡ ಚಿತ್ರ ಬಂದಾಗ ಇಡೀ ಊರು ಅದರ ಬಗ್ಗೆ ಮಾತಾಡಿತು. ಹತ್ತು ಕಿಲೋಮೀಟರ್ ಆಚೆ ಕೂತವರಿಗೆ ಕಾಣದ ಹೊಗೆ ನೂರಾರು ಕಿಲೋಮೀಟರ್ ಮೇಲಿಂದ ಕಾಣಬೇಕಾಯಿತು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗಲೂ ಹೀಗೇ. ಉಪಗ್ರಹಗಳು ಅದನ್ನು ದಿನಗಳ ಮುಂಚೆಯೇ ಕಂಡವು, ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತು. ಆದರೂ ಮುಂಬಯಿಯಾಚೆಯ ತೈಲ ಕ್ಷೇತ್ರದಲ್ಲಿ ಪಿ-305 ಎಂಬ ಬಾರ್ಜ್ ತನ್ನ ಕೆಲಸಗಾರರೊಂದಿಗೆ ಕಡಲಲ್ಲೇ ಉಳಿಯಿತು. ಮೇ 17ರಂದು ಲಂಗರು ಕಿತ್ತು ಅದು ಮುಳುಗಿದಾಗ 70ಕ್ಕೂ ಹೆಚ್ಚು ಮಂದಿ ಸತ್ತರು. ಆಕಾಶದ ಭಾಗದ ಕೆಲಸ ಸರಿಯಾಗಿಯೇ ಆಗಿತ್ತು. ಎಚ್ಚರಿಕೆಯನ್ನು ಕೇಳಿ ಹಡಗನ್ನು ದಡಕ್ಕೆ ತರುವ, ನೆಲದ ಮೇಲಿನ ಸಣ್ಣ ಕೆಲಸ ಆಗಲಿಲ್ಲ.

ಈ ವಾದಕ್ಕೆ ಒಂದು ಪ್ರಾಮಾಣಿಕ ಆಕ್ಷೇಪವಿದೆ. ಚಂದ್ರನ ಮೇಲೆ ಒತ್ತುವರಿಯಿಲ್ಲ. ಅಲ್ಲಿ ಕೋರ್ಟಿನ ತಡೆಯಾಜ್ಞೆಯಿಲ್ಲ, ಗುತ್ತಿಗೆದಾರರಿಲ್ಲ, ಎರಡು ಇಲಾಖೆಗಳ ನಡುವಿನ ಗಡಿಯಿಲ್ಲ. ಮಿಠಿ ನದಿಯ ದಡದಲ್ಲಿ ಇವೆಲ್ಲ ಇವೆ. ಜೊತೆಗೆ ಬೇರೆಲ್ಲೂ ಜಾಗ ಸಿಗದೆ ಅಲ್ಲಿ ಮನೆ ಕಟ್ಟಿಕೊಂಡ ಸಾವಿರಾರು ಕುಟುಂಬಗಳಿವೆ. ರಾಕೆಟ್ ಒಂದೇ ಸಂಸ್ಥೆಯ ಕೈಯಲ್ಲಿದೆ. ಲೋಕಲ್ ರೈಲು ಕೇಂದ್ರದ್ದು, ರಸ್ತೆ ಪಾಲಿಕೆಯದು, ಪಾಲಿಕೆಯ ಮೇಲಿನ ಹಿಡಿತ ರಾಜ್ಯದ್ದು. ಆದ್ದರಿಂದ ಗಟಾರ ಕಟ್ಟುವುದು ಚಂದ್ರನಿಗೆ ಹೋಗುವುದಕ್ಕಿಂತ ಕಷ್ಟ ಎಂದರೆ ನಾನು ಒಪ್ಪುತ್ತೇನೆ.

ಆದರೆ ಕಷ್ಟದ ಕೆಲಸಕ್ಕೆ ಹೆಚ್ಚು ಗಮನ ಬೇಕು ತಾನೆ? 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ ಮೇಲೆ ಇಸ್ರೋ ಮಾಡಿದ್ದನ್ನು ನೆನೆಯಿರಿ. ಹಿಂದೆ 500 ಮೀಟರ್ ಉದ್ದಗಲದ ಜಾಗದಲ್ಲೇ ಇಳಿಯಬೇಕೆಂಬ ಬಿಗಿ ಇತ್ತು. ಈ ಸಲ ಇಳಿಯುವ ಜಾಗವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಇಂಧನ ಹೆಚ್ಚಿಸಿದರು, ಕಾಲುಗಳನ್ನು ಗಟ್ಟಿ ಮಾಡಿದರು. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿ, ಅದು ಕೆಟ್ಟರೂ ಲ್ಯಾಂಡರ್ ಇಳಿಯುವಂತೆ ರೂಪಿಸಿದೆವು ಎಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದರು. ಮ್ಯಾನ್‌ಹೋಲಿನ ಮುಚ್ಚಳ ಹೋದರೂ ಮನುಷ್ಯ ಬೀಳದಂತೆ ಜಾಲರಿ ಹಾಕುವುದು ಇದೇ ಯೋಚನೆ. ಸಾವಿರಾರು ಮುಚ್ಚಳಗಳಲ್ಲಿ ಒಂದು ಕಳ್ಳತನವಾಗುತ್ತದೆ, ಒಂದು ಒಡೆಯುತ್ತದೆ, ಒಂದನ್ನು ಯಾರೋ ತೆಗೆಯುತ್ತಾರೆ ಎಂದು ಮೊದಲೇ ಒಪ್ಪಿಕೊಂಡು ನಗರವನ್ನು ಕಟ್ಟುವುದು.

ಇಸ್ರೋ ದೋಷವಿಲ್ಲದ ಸಂಸ್ಥೆ ಎಂದು ನಾನು ಹೇಳುತ್ತಿಲ್ಲ. 2025ರ ಮೇ 18ರಂದು ಪಿಎಸ್‌ಎಲ್‌ವಿ-ಸಿ61 ವಿಫಲವಾದ ನಂತರ, ವಿಶ್ಲೇಷಣೆಯ ವರದಿಯನ್ನು ಜನರ ಮುಂದಿಡಲಿಲ್ಲ ಎಂಬ ದೂರು ಕೇಳಿಬಂತು. ಆ ದೂರು ಹೇಳಿದವರು ಯಾರು? ಬಾಹ್ಯಾಕಾಶವನ್ನು ಪ್ರೀತಿಸಿ ಪ್ರತಿ ಉಡಾವಣೆಯನ್ನೂ ಹಿಂಬಾಲಿಸುವವರೇ. ಪ್ರೀತಿ ಇರುವಲ್ಲಿ ಪ್ರಶ್ನೆ ಹುಟ್ಟುತ್ತದೆ. ನಮ್ಮ ಊರಿನ ಗಟಾರವನ್ನು ಹಾಗೆ ಹಿಂಬಾಲಿಸುವವರು ಎಷ್ಟು ಮಂದಿ?

ಆದ್ದರಿಂದ ನನ್ನ ಬೇಡಿಕೆಗಳು ಸಣ್ಣವು. ಒಂದು: ಮ್ಯಾನ್‌ಹೋಲ್, ಟ್ಯಾಂಕ್, ಹಳಿ, ಸೇತುವೆ, ಎಲ್ಲಿ ಜೀವ ಹೋದರೂ ಮೂರು ತಿಂಗಳೊಳಗೆ ವೈಫಲ್ಯದ ವರದಿಯೊಂದು ಜನರ ಭಾಷೆಯಲ್ಲಿ ಬಹಿರಂಗವಾಗಬೇಕು. ಯಾರನ್ನು ಹಿಡಿದರು ಎಂಬುದರ ಜೊತೆಗೆ ಯಾಕೆ ಆಯಿತು, ಮುಂದೆ ಆಗದಂತೆ ಏನು ಬದಲಾಯಿತು ಎಂದು ಅದು ಹೇಳಬೇಕು. ಎರಡು: ಉಡಾವಣೆಗೆ ದಿನಾಂಕ ಘೋಷಿಸುವಂತೆ ಪ್ರತಿ ವಾರ್ಡಿನ ಚರಂಡಿ, ಸೇತುವೆ, ಪಂಪಿಂಗ್ ಸ್ಟೇಷನ್ ಕೆಲಸಗಳಿಗೂ ದಿನಾಂಕ ಘೋಷಿಸಬೇಕು, ತಪ್ಪಿದರೆ ಕಾರಣ ಹೇಳಬೇಕು. ಮೂರು: ಪತ್ರಿಕೆಗಳೂ ಚಾನೆಲ್‌ಗಳೂ ಕನ್ನಡದ ನಾವೂ ಅದನ್ನು ಸುದ್ದಿ ಎಂದು ತಿಳಿಯಬೇಕು.

ಮಕ್ಕಳಿಂದ ಆಕಾಶವನ್ನು ಕಿತ್ತುಕೊಳ್ಳಬೇಡಿ ಎಂದೂ ಹೇಳಬೇಕು. ಮೊದಲು ಗಟಾರ, ಆಮೇಲೆ ನಕ್ಷತ್ರ ಎಂದು ಬಡವರ ಮಕ್ಕಳಿಗೆ ಉಪದೇಶಿಸುವುದು ಕ್ರೂರ. ಗೋವಂಡಿಯ ಹುಡುಗಿಗೂ ಶನಿಗ್ರಹದ ಬಳೆಯನ್ನು ನೋಡುವ ಹಕ್ಕಿದೆ. ಹೊಗೆಯೂ ಬೆಳಕೂ ಸೇರಿ ಅವಳ ಮನೆಯ ಮೇಲಿನ ಆಕಾಶದಲ್ಲಿ ನಕ್ಷತ್ರ ಕಾಣದಿರುವುದರಿಂದ ಅವಳಿಗೆ ಆ ಹಕ್ಕು ಇನ್ನೂ ಹೆಚ್ಚು.

ವರ್ಲಿಯ ಡಾ. ಆನಿ ಬೆಸೆಂಟ್ ರಸ್ತೆಯಲ್ಲಿ 1977ರಿಂದ ನೆಹರೂ ತಾರಾಲಯವಿದೆ. ಮುಂಬಯಿಯ ಶಾಲೆಗಳು, ಕನ್ನಡ ಶಾಲೆಗಳೂ ಸೇರಿ, ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆತರುತ್ತವೆ. ಅದೇ ರಸ್ತೆಯಲ್ಲಿ, ಹತ್ತಿರದಲ್ಲೇ, ಬ್ರಿಮ್‌ಸ್ಟೋವಾಡ್ ಯೋಜನೆಯಡಿ ಕಟ್ಟಿದ ಲವ್‌ಗ್ರೋವ್ ಪಂಪಿಂಗ್ ಸ್ಟೇಷನ್ ಇದೆ. ಮಳೆಗಾಲದಲ್ಲಿ ಸಮುದ್ರ ಉಬ್ಬಿದಾಗ ವರ್ಲಿ, ಲೋವರ್ ಪರೇಲ್ ಕಡೆಯ ನೀರನ್ನು ಎತ್ತಿ ಕಡಲಿಗೆ ಹಾಕುವ ಯಂತ್ರಗಳು ಅಲ್ಲಿವೆ. ಶಾಲೆಯ ಮೇಷ್ಟರುಗಳು ಒಂದು ಕೆಲಸ ಮಾಡಬಹುದು. ತಾರಾಲಯದ ಆಟ ಮುಗಿದ ಮೇಲೆ, ಅನುಮತಿ ಪಡೆದು, ಮಕ್ಕಳನ್ನು ಅರ್ಧ ಗಂಟೆ ಅಲ್ಲಿಗೂ ಕರೆದೊಯ್ಯಬಹುದು. ಚಂದ್ರ ಸಮುದ್ರವನ್ನು ಎಳೆದಾಗ ಉಬ್ಬರ ಬರುತ್ತದೆ, ಉಬ್ಬರ ಬಂದಾಗ ಗಟಾರದ ನೀರು ಹೊರಗೆ ಹೋಗಲಾರದು, ಆಗ ಈ ಪಂಪುಗಳು ಓಡಬೇಕು ಎಂದು ವಿವರಿಸಿದರೆ ಮಕ್ಕಳಿಗೆ ಚಂದ್ರನೂ ಅರ್ಥವಾಗುತ್ತಾನೆ, ಮನೆಯ ಮುಂದಿನ ಗಟಾರವೂ. ಮಾಹುಲ್‌ನಲ್ಲಿ ಇಂಥದ್ದು ಯಾಕೆ ಇನ್ನೂ ಆಗಿಲ್ಲ ಎಂದು ಅವರಲ್ಲಿ ಒಬ್ಬರಾದರೂ ಕೇಳದೆ ಇರುವುದಿಲ್ಲ.